ತೋಪು ಎಷ್ಟು ಡಿಗ್ರಿ ತಿರುಗುತ್ತೆ?

ಪುಟ್ಟ ಪುಟ್ಟ ಹಡಗಿನ ಮಾದರಿಗಳನ್ನು ಮೇಜಿನ ಮೇಲೆ ಹರಡಿಕೊಂಡು ಹಳೇ ಕಾಲದ ಸಮುದ್ರ ಯುದ್ಧಗಳನ್ನು ಆಡೋದು ಒಂದು ಹವ್ಯಾಸ. ನಮ್ಮಲ್ಲಿ ಇದರ ಹುಚ್ಚು ಕಡಿಮೆ. ಬ್ರಿಟನ್, ಅಮೆರಿಕದ ಕಡೆ ಮಾತ್ರ ದೊಡ್ಡ ದೊಡ್ಡವರೇ ಭಾನುವಾರ ಪೂರ್ತಿ ಇದರಲ್ಲಿ ಕಳೀತಾರೆ. ನೀಲಿ ಬಟ್ಟೆ ಹಾಸಿದ ಮೇಜು, ಬೆರಳುದ್ದದ ಹಡಗುಗಳು, ಅಳೆಯೋಕೆ ಸ್ಕೇಲು, ದಾಳ, ಗಾಳಿ ಯಾವ ಕಡೆಯಿಂದ ಬೀಸ್ತಿದೆ ಅಂತ ತೋರಿಸೋಕೆ ಒಂದು ಬಾಣದ ಗುರುತು. ಇಷ್ಟರ ಜೊತೆ ಪ್ಲಾಸ್ಟಿಕ್ಕಿನದೋ ರಟ್ಟಿನದೋ ಒಂದು ತುಂಡು ಇರುತ್ತೆ, ನಮ್ಮ ಜಾಮಿಟ್ರಿ ಬಾಕ್ಸಿನ ಕೋನಮಾಪಕದ ತಮ್ಮನ ಹಾಗೆ.

ಆ ತುಂಡನ್ನು ಹಡಗಿನ ಪಕ್ಕಕ್ಕೆ ಹಿಡಿದು ನೋಡಬೇಕು. ಶತ್ರುವಿನ ಹಡಗು ಅದರ ಎರಡು ಗೆರೆಗಳ ಒಳಗಿದ್ದರೆ ಗುಂಡು ಹಾರಿಸಬಹುದು. ಹೊರಗಿದ್ದರೆ, ಒಂದೇ ಇಂಚು ದೂರದಲ್ಲಿದ್ದರೂ ಸುಮ್ಮನೆ ನೋಡ್ತಾ ಕೂರಬೇಕು! ಇದಕ್ಕೆ ಫೈರಿಂಗ್ ಆರ್ಕ್ ಅಂತಾರೆ. ನಾನಿಲ್ಲಿ 'ತೋಪಿನ ಕೋನ' ಅಂತ ಕರೀತೀನಿ. 1974ರಲ್ಲಿ ಬಂದ 'ವುಡನ್ ಶಿಪ್ಸ್ ಅಂಡ್ ಐರನ್ ಮೆನ್' ಆಟದ ಹಲಗೆಯ ಮೇಲೆ ಜೇನುಗೂಡಿನ ಹಾಗೆ ಆರು ಮೂಲೆಯ ಮನೆಗಳಿದ್ದವು, ಕೋನವನ್ನೂ ಆ ಮನೆಗಳ ಲೆಕ್ಕದಲ್ಲೇ ಹೇಳಿದ್ದರು. 2013ರ 'ಸೇಲ್ಸ್ ಆಫ್ ಗ್ಲೋರಿ'ಯಲ್ಲಿ ಹಡಗಿನ ಬುಡದ ಕಾರ್ಡಿನ ಮೇಲೇ ಗೆರೆಗಳು ಅಚ್ಚಾಗಿವೆ. ನಿಯಮದ ಪುಸ್ತಕ ಬದಲಾದರೆ ಕೋನವೂ ಸ್ವಲ್ಪ ಆ ಕಡೆ ಈ ಕಡೆ ಆಗುತ್ತೆ. ಆದರೆ ಸಾಮಾನ್ಯವಾಗಿ ಒಂದೇ ಆಟದೊಳಗೆ ಬ್ರಿಟಿಷರಿಗೂ ಅದೇ ಕೋನ, ಫ್ರೆಂಚರಿಗೂ ಅದೇ ಕೋನ, 1750ಕ್ಕೂ ಅದೇ, 1800ಕ್ಕೂ ಅದೇ.

ನಾವು ಕೋಡ್ ಬರೆಯುವಾಗ ಫೈಲಿನ ಮೇಲ್ಗಡೆ ಒಂದು ಕಾನ್‌ಸ್ಟೆಂಟ್ ಬರೆದು ಮರೆತುಬಿಡ್ತೀವಲ್ಲ, ಹಾಗೇ ಇದು. ಆದರೆ ನಿಜವಾದ ಸಮುದ್ರದಲ್ಲಿ ಈ ಕೋನ ಸ್ಥಿರವಾಗಿರಲಿಲ್ಲ. ಒಬ್ಬ ಮನುಷ್ಯ ಕೂತು ಯೋಚಿಸಿ, ಹಗ್ಗ-ರಾಟೆ ಹಾಕಿ ಅದನ್ನು ಅಗಲ ಮಾಡಿದ. ಅದರ ಫಲ 1782ರ ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ಕಾಣಿಸಿತು. ಆ ಕತೆ ಹೇಳೋಣ ಅಂತಲೇ ಈ ಬರಹ.

*

ಮೊದಲು, ಹಾಯಿ ಹಡಗು ಪಕ್ಕಕ್ಕೇ ಯಾಕೆ ಗುಂಡು ಹೊಡೀತಿತ್ತು?

ಹಡಗು ಉದ್ದ, ಅಗಲ ಕಡಿಮೆ. ತೋಪುಗಳೋ ವಿಪರೀತ ಭಾರ. 32 ಪೌಂಡ್ ಗುಂಡು ಹಾರಿಸುವ ಒಂದು ತೋಪಿನ ತೂಕ ಸುಮಾರು ಎರಡೂಮುಕ್ಕಾಲು ಟನ್. ಅಂಥವನ್ನು ಮೂತಿಯ ಕಡೆ ಗುಡ್ಡೆ ಹಾಕಿದರೆ ಹಡಗು ಮುಗ್ಗರಿಸುತ್ತೆ. ಹಾಗಾಗಿ ಎರಡೂ ಪಕ್ಕದ ಉದ್ದಕ್ಕೂ ಸಾಲಾಗಿ ಜೋಡಿಸ್ತಿದ್ದರು. 74 ತೋಪಿನ ಹಡಗು ಅಂದರೆ ಒಂದೊಂದು ಪಕ್ಕಕ್ಕೆ ಮೂವತ್ತೈದರ ಆಸುಪಾಸು. ನೇರ ಮುಂದಕ್ಕೆ, ನೇರ ಹಿಂದಕ್ಕೆ ಹೊಡೆಯೋಕೆ ಸಿಗೋದು ಕೈಬೆರಳಲ್ಲಿ ಎಣಿಸೋಷ್ಟು ಮಾತ್ರ. ಚದುರಂಗದಲ್ಲಿ ಪದಾತಿ ನೇರ ನಡೆದು ಓರೆಯಾಗಿ ಹೊಡೆಯುತ್ತಲ್ಲ, ಇದು ನೇರ ನಡೆದು ಅಡ್ಡಕ್ಕೆ ಹೊಡೆಯುತ್ತೆ. ಅದೂ ಗಾಳಿ ಬಿಟ್ಟ ಕಡೆ ಮಾತ್ರ ನಡಿಗೆ.

ಇನ್ನು ತೋಪು ಕೂತಿರುತ್ತಿದ್ದದ್ದು ನಾಲ್ಕು ಪುಟ್ಟ ಮರದ ಗಾಲಿಗಳ ಗಾಡಿಯ ಮೇಲೆ. ಗಾಲಿ ಹಿಂದಕ್ಕೆ ಮುಂದಕ್ಕೆ ಉರುಳುತ್ತೆ ಅಷ್ಟೇ, ಎಡಕ್ಕೆ ಬಲಕ್ಕೆ ತಿರುಗಲ್ಲ. ತಿರುಗಿಸಬೇಕು ಅಂದರೆ ಜನ ಸನ್ನೆಕೋಲು ಹಾಕಿ ಮೀಟಿ ಮೀಟಿ ಜರುಗಿಸಬೇಕು. ಜರುಗಿಸಿದರೂ ಎಷ್ಟು? ನಮ್ಮ ಹಳೇ ಕಾಲದ ಮಣ್ಣಿನ ಗೋಡೆಯ ಮನೆಗಳ ಸಣ್ಣ ಕಿಟಕಿ ನೆನಪು ಮಾಡಿಕೊಳ್ಳಿ. ಗೋಡೆ ಅಷ್ಟು ದಪ್ಪ ಇದ್ದಾಗ ಎದುರುಮನೆ ಕಾಣುತ್ತೆ, ಬೀದಿಯ ಕೊನೆ ಕಾಣಲ್ಲ. ಹಡಗಿನ ಪಕ್ಕವೂ ಒಂದೆರಡು ಅಡಿ ದಪ್ಪದ ಮರದ ಗೋಡೆ, ಅದರಲ್ಲಿ ತೋಪಿನ ಬಾಯಿಗೊಂದು ಕಿಂಡಿ. ಮೇಜಿನ ಮೇಲಿನ ಆ ಪ್ಲಾಸ್ಟಿಕ್ ತುಂಡಿನ ಎರಡು ಗೆರೆಗಳು ಅಂದರೆ ಈ ಕಿಂಡಿಯ ಎರಡು ಅಂಚುಗಳೇ.

ಈ ಒಂದು ಕೊರತೆಯಿಂದ ಆ ಕಾಲದ ಯುದ್ಧತಂತ್ರ ಪೂರ್ತಿ ಹುಟ್ಟಿತು ಅಂದರೂ ನಡೆಯುತ್ತೆ. ನಿಮ್ಮ ಮೂತಿ ಮತ್ತು ಬಾಲ ಕುರುಡು. ಶತ್ರು ಅಲ್ಲಿಗೆ ಬಂದು ಅಡ್ಡ ನಿಂತರೆ ಅವನ ಗುಂಡು ಹಡಗಿನ ಒಂದು ತುದಿಯಿಂದ ಇನ್ನೊಂದು ತುದಿವರೆಗೆ ಸಾಲಾಗಿ ನಿಂತ ಜನರನ್ನು ಸೀಳಿಕೊಂಡು ಹೋಗುತ್ತೆ, ನೀವು ಒಂದು ಗುಂಡೂ ತಿರುಗಿ ಹೊಡೆಯೋಕಾಗಲ್ಲ. ಇದಕ್ಕೆ ರೇಕಿಂಗ್ ಅಂತ ಹೆಸರು. ಹಿಂಬದಿಯಲ್ಲಿ ಕ್ಯಾಪ್ಟನ್ನನ ಕೋಣೆಯ ಗಾಜಿನ ಕಿಟಕಿಗಳು ಬೇರೆ, ತಡೆಯೋಕೆ ಗಟ್ಟಿ ಮರವೇ ಇಲ್ಲ. ಆಟಗಳಲ್ಲಿ ರೇಕಿಂಗ್‌ಗೆ ಹೆಚ್ಚಿನ ಅಂಕ ಕೊಡೋದು ಸುಮ್ಮನೆ ಅಲ್ಲ.

ಹಾಗಾಗಿ ನಿಮ್ಮ ಮೂತಿಯನ್ನು ಮುಂದಿನ ಹಡಗು ಕಾಯಬೇಕು, ಬಾಲವನ್ನು ಹಿಂದಿನದು ಕಾಯಬೇಕು. ಅದೇ ಯುದ್ಧದ ಸಾಲು. 1653ರಲ್ಲಿ ಇಂಗ್ಲಿಷ್ ನೌಕಾಪಡೆ ಇದನ್ನು ಲಿಖಿತ ಸೂಚನೆಯಾಗಿಯೇ ಹೊರಡಿಸಿತು. ಅಲ್ಲಿಂದ ನೂರು ವರ್ಷಕ್ಕೂ ಹೆಚ್ಚು ಕಾಲ ಎರಡು ಸಾಲುಗಳು ಅಕ್ಕಪಕ್ಕ ತೇಲ್ತಾ ಪರಸ್ಪರ ಹೊಡೆದುಕೊಂಡು, ಸಂಜೆ ಎರಡೂ ಕಡೆಯವರು ನಾವೇ ಗೆದ್ದೆವು ಅಂತ ಮನೆಗೆ ಹೋಗೋದು ನಡೀತಿತ್ತು :-)

*

ಈಗ ಮತ್ತೆ ಮೇಜಿಗೆ ಬರೋಣ. ಇಂದಿನ ಆಟದ ಮೇಜಲ್ಲ, 18ನೇ ಶತಮಾನದ ಸ್ಕಾಟ್ಲೆಂಡಿನ ಒಂದು ಮೇಜು.

ಎಡಿನ್‌ಬರೋ ಹತ್ತಿರದ ಎಲ್ಡಿನ್ ಅನ್ನೋ ಊರಿನ ಜಾನ್ ಕ್ಲರ್ಕ್ (1728-1812) ವ್ಯಾಪಾರಿ, ಕಲ್ಲಿದ್ದಲು ಗಣಿಯ ಮಾಲೀಕ, ಒಳ್ಳೆಯ ಚಿತ್ರಕಾರ. ಭೂವಿಜ್ಞಾನಿ ಜೇಮ್ಸ್ ಹಟನ್‌ಗೆ ಬಂಡೆಗಳ ಚಿತ್ರ ಬರೆದುಕೊಟ್ಟವನು ಇವನೇ. ನೌಕಾಪಡೆಯಲ್ಲಿ ಒಂದು ದಿನವೂ ಕೆಲಸ ಮಾಡಿದವನಲ್ಲ. ಆದರೂ ಪುಟಾಣಿ ಹಡಗಿನ ಮಾದರಿಗಳನ್ನು ಮೇಜಿನ ಮೇಲೆ ಜೋಡಿಸಿ, ನಡೆದ ಯುದ್ಧಗಳ ವರದಿ ಓದಿ, ಹಡಗುಗಳನ್ನು ಅದರಂತೆ ಸರಿಸ್ತಾ ಸರಿಸ್ತಾ ಒಂದು ಪ್ರಶ್ನೆ ಹಿಡಿದು ಕೂತ: ಬ್ರಿಟಿಷ್ ನೌಕಾಪಡೆ ಇಷ್ಟು ಬಲವಾಗಿದ್ದೂ ದೊಡ್ಡ ಯುದ್ಧಗಳಲ್ಲಿ ಯಾಕೆ ಏನೂ ಸಾಧಿಸ್ತಿಲ್ಲ?

ಅವನು ಕೊಟ್ಟ ಉತ್ತರದ ತಿರುಳು ತೋಪಿನ ಕೋನವೇ. ಬ್ರಿಟಿಷರು ಗಾಳಿ ಬರುವ ಕಡೆಯಿಂದ ಶತ್ರುವಿನ ಇಡೀ ಸಾಲಿನ ಮೇಲೆ ಒಟ್ಟಿಗೆ ಎರಗೋಕೆ ಹೋಗ್ತಾರೆ. ಎರಗುವಾಗ ಮೂತಿ ಶತ್ರುವಿನ ಕಡೆಗಿರುತ್ತೆ, ಅಂದರೆ ತಮ್ಮ ತೋಪುಗಳೆಲ್ಲ ಸುಮ್ಮನೆ. ಫ್ರೆಂಚರು ಪಕ್ಕ ತೋರಿಸಿಕೊಂಡು ನಿಂತಿರ್ತಾರೆ, ಅವರ ತೋಪುಗಳೆಲ್ಲ ಕೆಲಸದಲ್ಲಿ. ಫ್ರೆಂಚರು ಹಾಯಿ, ಕಂಬಗಳಿಗೆ ಗುರಿಯಿಟ್ಟು ಹೊಡೆದು, ಇವರು ಕುಂಟಾದ ಮೇಲೆ ಮೆಲ್ಲಗೆ ಜಾರಿಕೊಳ್ತಾರೆ. ಹಾಗಾಗಿ ಇಡೀ ಸಾಲಿನ ಮೇಲೆ ಹೋಗಬೇಡಿ, ಸಾಲನ್ನು ಒಂದು ಕಡೆ ಕತ್ತರಿಸಿ, ಒಂದು ತುಂಡಿನ ಮೇಲೆ ಎಲ್ಲರೂ ಬೀಳಿ. ಇದು ಕ್ಲರ್ಕ್ ವಾದ. 1782ರ ಆರಂಭದಲ್ಲಿ ಇದರ ಕೆಲವೇ ಪ್ರತಿಗಳನ್ನು ಅಚ್ಚು ಹಾಕಿಸಿ ಗೆಳೆಯರಿಗೆ ಹಂಚಿದ. ಎಲ್ಲರಿಗೂ ಸಿಗುವಂತೆ ಮಾರಾಟಕ್ಕೆ ಬಂದದ್ದು 1790ರಲ್ಲಿ.

ಕ್ಲರ್ಕ್ ಕೋನವನ್ನು ಇದ್ದದ್ದು ಇದ್ದ ಹಾಗೇ ಒಪ್ಪಿಕೊಂಡ. ಅದನ್ನಿಟ್ಟುಕೊಂಡು ಹಡಗನ್ನು ಹೇಗೆ ನಡೆಸಬೇಕು ಅಂತ ಯೋಚಿಸಿದ. ಇಂದಿನ ಆಟಗಾರ ಮಾಡೋದೂ ಇದನ್ನೇ.

ಅದೇ ಹೊತ್ತಿಗೆ ಇನ್ನೊಬ್ಬ ಸ್ಕಾಟ್ಲೆಂಡಿನವನು ಕೋನಕ್ಕೇ ಕೈ ಹಾಕಿದ್ದ.

*

ಸರ್ ಚಾರ್ಲ್ಸ್ ಡಗ್ಲಸ್ ನೌಕಾಪಡೆಯ ಕ್ಯಾಪ್ಟನ್. ಯಂತ್ರ, ಲೆಕ್ಕ ಅಂದರೆ ಜೀವ. 1778ರಿಂದ 'ಡ್ಯೂಕ್' ಅನ್ನೋ ಹಡಗಿನ ಮೇಲೆ ಒಂದೊಂದೇ ಪ್ರಯೋಗ ಶುರು ಮಾಡಿದ. ತೋಪಿಗೆ ಉರಿಯುವ ಬತ್ತಿ ಮುಟ್ಟಿಸುವ ಬದಲು ಕೋವಿಯಲ್ಲಿರುವಂಥ ಚಕಮಕಿ ಲಾಕ್ ಇರಲಿ ಅಂತ ಕೇಳಿದ. ಮೇಲಿನವರು ಕೊಡಲಿಲ್ಲ. ತನ್ನ ದುಡ್ಡಲ್ಲೇ ಕೊಂಡು ತಂದು ಕೂರಿಸಿದ! ಮದ್ದಿನ ಚೀಲಕ್ಕೆ ಫ್ಲಾನೆಲ್ ಬಟ್ಟೆ ಹಾಕಿಸಿದ. ಅದು ಪೂರ್ತಿ ಉರಿದುಹೋಗುವುದರಿಂದ ಪ್ರತಿ ಸಲ ನಳಿಗೆ ಕೆದಕುವ ಕೆಲಸ ಉಳಿಯಿತು.

ಆಮೇಲೆ ಕೋನ. ಎರಡು ತೋಪುಗಳ ನಡುವಿನ ಜಾಗದಲ್ಲಿ ಕಬ್ಬಿಣದ ಬಳೆಗಳನ್ನು ಹೊಡೆಸಿದ. ಅವಕ್ಕೆ ರಾಟೆ ಹಗ್ಗ ಕಟ್ಟಿ ಎಳೆದರೆ ತೋಪಿನ ಹಿಂಭಾಗ ಸಲೀಸಾಗಿ ಪಕ್ಕಕ್ಕೆ ಜರುಗುತ್ತೆ, ಸನ್ನೆಕೋಲಿನ ಒದ್ದಾಟ ಕಡಿಮೆ. ಹೀಗೆ ಅವನ ತೋಪುಗಳು ನೇರ ಪಕ್ಕದಿಂದ ಮುಂದಕ್ಕೆ ನಾಲ್ಕು ಪಾಯಿಂಟ್, ಹಿಂದಕ್ಕೆ ನಾಲ್ಕು ಪಾಯಿಂಟ್ ತಿರುಗುವ ಹಾಗಾಯಿತು. ನಾವಿಕರ ದಿಕ್ಸೂಚಿಯಲ್ಲಿ 32 ಪಾಯಿಂಟ್, ಒಂದೊಂದೂ 11.25 ಡಿಗ್ರಿ. ನಾಲ್ಕು ಅಂದರೆ 45 ಡಿಗ್ರಿ. ಎರಡೂ ಕಡೆ ಸೇರಿ 90.

ಆದರೆ ಕೋಡಿನಲ್ಲಿ ಆಗುವ ಹಾಗೇ ಇಲ್ಲೂ, ಒಂದು ಕಡೆ ಬದಲಾಯಿಸಿದರೆ ಇನ್ನೆಲ್ಲೋ ಒಡೆಯುತ್ತೆ. ಓರೆಯಾಗಿ ಹಾರಿಸಿದ ತೋಪು ಓರೆಯಾಗೇ ಹಿಂದಕ್ಕೆ ಚಿಮ್ಮುತ್ತೆ. ಪಕ್ಕದ ತೋಪಿಗೆ, ಪಕ್ಕದ ಜನರಿಗೆ ಬಡಿದರೆ ಮುಗೀತು, ಮೂರು ಟನ್ನಿನ ಹತ್ತಿರದ ಲೋಹ. ಅದಕ್ಕೆ ಡಗ್ಲಸ್ ಹಿಡಿತದ ಹಗ್ಗಕ್ಕೆ ಉಕ್ಕಿನ ಸ್ಪ್ರಿಂಗ್ ಹಾಕಿದ, ಗಾಲಿಗಳ ಹಿಂದೆ ಇಳಿಜಾರು ಮರದ ತುಂಡುಗಳನ್ನಿಟ್ಟು ಹಿಮ್ಮೆಟ್ಟುವ ದೂರ ಕಡಿಮೆ ಮಾಡಿದ. ಕೋನ ಅಗಲ ಆಗಿದ್ದು ಬರೀ ಕೋನದಿಂದ ಅಲ್ಲ, ಇಷ್ಟೆಲ್ಲ ಒಟ್ಟಿಗೆ ಸರಿಹೋದ ಮೇಲೆ. ಮತ್ತೆ ಇದನ್ನೆಲ್ಲ ದಿನಾ ಅಭ್ಯಾಸ ಮಾಡುವ ಜನ ಬೇಕಿತ್ತು.

ಇದರಿಂದ ಎಷ್ಟು ಲಾಭ? ಹತ್ತನೇ ಕ್ಲಾಸಿನ ಟ್ರಿಗೊನಾಮೆಟ್ರಿ ಸಾಕು, ಲೆಕ್ಕ ಮಾಡಿಬಿಡೋಣ. ಅಂಕಿಗಳು ಉದಾಹರಣೆಗೆ ನಾನು ಇಟ್ಟುಕೊಂಡವು. ಎರಡು ಹಡಗು ಎದುರುಬದುರಾಗಿ ಬರ್ತಿವೆ, ನಡುವೆ 200 ಮೀಟರ್ ಅಂತರ ಬಿಟ್ಟು ದಾಟಿ ಹೋಗ್ತವೆ. ಒಂದೊಂದರ ವೇಗ 3 ನಾಟ್. ಸೇರಿಸಿದರೆ ಸೆಕೆಂಡಿಗೆ ಸುಮಾರು 3 ಮೀಟರ್. ಒಂದು ಹಡಗಿನ ತೋಪು ಆ ಕಡೆ ಈ ಕಡೆ 45 ಡಿಗ್ರಿ ತಿರುಗುತ್ತೆ, ಇನ್ನೊಂದರದ್ದು ಅದರ ಅರ್ಧ, ಇಪ್ಪತ್ತೆರಡೂವರೆ.

ಮೊದಲನೆಯ ಹಡಗಿನ ಕೋನದೊಳಗೆ ಶತ್ರು ಸಾಗುವ ದೂರ 400 ಮೀಟರ್, ಅಂದರೆ 130 ಸೆಕೆಂಡಿಗೂ ಸ್ವಲ್ಪ ಹೆಚ್ಚು. ಎರಡನೆಯದಕ್ಕೆ ಸಿಗೋದು 166 ಮೀಟರ್, 55 ಸೆಕೆಂಡ್. ನಿಮಿಷಕ್ಕೊಂದು ಸಲ ತೋಪು ತುಂಬಬಹುದು ಅಂತಿಟ್ಟುಕೊಂಡರೆ ಮೊದಲನೆಯದು ಮೂರು ಸಲ ಹೊಡೆಯುತ್ತೆ, ಎರಡನೆಯದು ಒಂದೇ ಸಲ. ಅದಕ್ಕಿಂತ ಕ್ರೂರವಾದದ್ದು ಇನ್ನೊಂದಿದೆ. ಮೊದಲನೆಯದು ಹೊಡೆಯೋಕೆ ಶುರು ಮಾಡಿದ ಮೇಲೆ ಸುಮಾರು 39 ಸೆಕೆಂಡ್ ಎರಡನೆಯ ಹಡಗಿನವರು ಏನೂ ಮಾಡುವ ಹಾಗಿಲ್ಲ. ಶತ್ರು ಕಾಣ್ತಾನೆ, ತೋಪು ತುಂಬಿದೆ, ಆದರೆ ಕಿಂಡಿಯ ಅಂಚು ಬಿಡ್ತಿಲ್ಲ. ಮೂವತ್ತೊಂಬತ್ತು ಸೆಕೆಂಡ್ ಎಣಿಸಿ ನೋಡಿ, ಎಷ್ಟು ಉದ್ದ ಅಂತ ಗೊತ್ತಾಗುತ್ತೆ.

*

1782ರ ಏಪ್ರಿಲ್ 12. ಕೆರಿಬಿಯನ್ ಸಮುದ್ರದಲ್ಲಿ ಡೊಮಿನಿಕಾ ಮತ್ತು ಗ್ವಾಡಲೂಪ್ ದ್ವೀಪಗಳ ನಡುವೆ 'ಸೇಂಟ್ಸ್' ಅನ್ನೋ ಪುಟ್ಟ ದ್ವೀಪಗಳ ಹತ್ತಿರ. ಫ್ರೆಂಚ್ ನಾಯಕ ಡಿ ಗ್ರಾಸ್, ಹಿಂದಿನ ವರ್ಷವಷ್ಟೇ ಚೆಸಪೀಕ್ ಕೊಲ್ಲಿಯ ಬಾಯಿ ಮುಚ್ಚಿ ಅಮೆರಿಕದ ಸ್ವಾತಂತ್ರ್ಯ ಯುದ್ಧವನ್ನು ಹೆಚ್ಚುಕಡಿಮೆ ಮುಗಿಸಿದವನು. ಈಗ ಜಮೈಕಾ ಹಿಡಿಯೋಕೆ ಹೊರಟಿದ್ದ. ತಡೆಯೋಕೆ ಬಂದವನು ರಾಡ್ನಿ, 36 ದೊಡ್ಡ ಹಡಗುಗಳ ಜೊತೆ. ರಾಡ್ನಿಯ ಹಡಗು 'ಫಾರ್ಮಿಡಬಲ್', ಅದರಲ್ಲಿ ಅವನ ಬಲಗೈ ಆಗಿ ಇದ್ದವನು ನಮ್ಮ ಡಗ್ಲಸ್. ಅವನ ಹೊಸ ಏರ್ಪಾಡು ಇಡೀ ಪಡೆಯಲ್ಲಿ ಇರಲಿಲ್ಲ. ಫಾರ್ಮಿಡಬಲ್, ಡ್ಯೂಕ್ ಥರದ ಕೆಲವು ಹಡಗುಗಳಲ್ಲಿ ಮಾತ್ರ ಇತ್ತು.

ಬೆಳಿಗ್ಗೆ ಎರಡು ಸಾಲುಗಳೂ ಎದುರುಬದುರು ದಿಕ್ಕಿನಲ್ಲಿ ದಾಟಿ ಹೋಗತೊಡಗಿದವು, ಫ್ರೆಂಚರು ದಕ್ಷಿಣಕ್ಕೆ, ಬ್ರಿಟಿಷರು ಉತ್ತರಕ್ಕೆ. ಮೇಲೆ ಹಾಕಿದ ಲೆಕ್ಕದ ಸನ್ನಿವೇಶವೇ. ಹೊಸ ಕೋನದ ತೋಪುಗಳು ಫ್ರೆಂಚ್ ಹಡಗುಗಳು ಇನ್ನೂ ಉತ್ತರ ಕೊಡಲಾಗದ ಕಡೆ ಇದ್ದಾಗಲೇ ಶುರು ಹಚ್ಚಿಕೊಂಡವು, ದಾಟಿ ಹೋದ ಮೇಲೂ ಬೆನ್ನಿಗೆ ಬಾರಿಸಿದವು.

ಒಂಬತ್ತು ಗಂಟೆಯ ಸುಮಾರಿಗೆ ಗಾಳಿ ದಿಕ್ಕು ಬದಲಿಸಿ ದಕ್ಷಿಣದ ಕಡೆಗೆ ತಿರುಗಿತು. ದಕ್ಷಿಣಕ್ಕೆ ಹೋಗ್ತಿದ್ದ ಫ್ರೆಂಚರಿಗೆ ಎದುರುಗಾಳಿ. ಹಡಗುಗಳು ದಾರಿ ಹಿಡಿಯಲಾಗದೆ ಅಡ್ಡಾದಿಡ್ಡಿಯಾದವು, ಸಾಲಿನಲ್ಲಿ ಬಿರುಕುಗಳು ಬಿದ್ದವು. ಆಗ ಫಾರ್ಮಿಡಬಲ್‌ನಲ್ಲಿ ಹುಡುಗ ಮಿಡ್‌ಶಿಪ್‌ಮನ್ ಆಗಿದ್ದ ಚಾರ್ಲ್ಸ್ ಡ್ಯಾಶ್‌ವುಡ್ ಹಲವು ದಶಕಗಳ ನಂತರ ಹೇಳಿದ ಪ್ರಕಾರ, ಬಿರುಕಿನಲ್ಲಿ ನುಗ್ಗೋಣ ಅಂತ ಡಗ್ಲಸ್ ಒತ್ತಾಯಿಸಿದ, ರಾಡ್ನಿ ಮೊದಲು ಬೇಡ ಅಂದ, ಆಮೇಲೆ ಒಪ್ಪಿದ. ಫಾರ್ಮಿಡಬಲ್ 'ಗ್ಲೋರಿಯೋ' ಹಡಗಿನ ಹಿಂಬದಿಯಿಂದ ಸಾಲು ಸೀಳಿ ಆಚೆ ಹೋಯಿತು. ಹಿಂದಿದ್ದ ಹಡಗುಗಳೂ ಹಿಂಬಾಲಿಸಿದವು. ಮುಂದಿದ್ದ ಡ್ಯೂಕ್ ಇನ್ನೊಂದು ಬಿರುಕಿನಲ್ಲಿ ನುಗ್ಗಿತು. ಇನ್ನೂ ಹಿಂದೆ 'ಬೆಡ್‌ಫರ್ಡ್' ಹೊಗೆಯಲ್ಲಿ ಗೊತ್ತೇ ಆಗದೆ ಮತ್ತೊಂದು ಕಡೆ ದಾಟಿಬಿಟ್ಟಿತ್ತು. ಗಲಿಬಿಲಿಯಲ್ಲಿ ಒಂದಕ್ಕೊಂದು ಅಂಟಿಕೊಂಡು ನಿಂತ ಕೆಲವು ಫ್ರೆಂಚ್ ಹಡಗುಗಳ ಮೇಲೆ ಎರಡೂ ಕಡೆಯಿಂದ ಗುಂಡಿನ ಮಳೆ.

ಸಂಜೆ ಹೊತ್ತಿಗೆ ಡಿ ಗ್ರಾಸ್ ತನ್ನ ನೂರಕ್ಕೂ ಹೆಚ್ಚು ತೋಪುಗಳ 'ವಿಲ್ ದ ಪ್ಯಾರಿ' ಹಡಗಿನ ಜೊತೆ ಸೆರೆ ಸಿಕ್ಕ. ಫ್ರೆಂಚರು ಒಟ್ಟು ಐದು ಹಡಗು ಕಳೆದುಕೊಂಡರು. ಅದರಲ್ಲಿ 'ಸೀಸರ್' ಅದೇ ರಾತ್ರಿ ಬೆಂಕಿ ಹತ್ತಿ ಸಿಡಿದು, ಅದರಲ್ಲಿದ್ದ ಫ್ರೆಂಚರೂ ಕಾವಲಿಗಿದ್ದ ಬ್ರಿಟಿಷರೂ ಸತ್ತರು. ಬ್ರಿಟಿಷರ ಲೆಕ್ಕ 243 ಸಾವು, 816 ಗಾಯ. ಫ್ರೆಂಚರ ಕಡೆ ಸತ್ತವರು, ಗಾಯಗೊಂಡವರು ಸಾವಿರಗಳಲ್ಲಿ. ಜಮೈಕಾದ ಸ್ಪ್ಯಾನಿಷ್ ಟೌನ್‌ನಲ್ಲಿ ರಾಡ್ನಿಗೆ ದೊಡ್ಡ ಸ್ಮಾರಕ ಕಟ್ಟಿದರು, ವಿಲ್ ದ ಪ್ಯಾರಿಯ ಎರಡು ತೋಪುಗಳು ಅದರ ಮುಂದಿವೆ.

ಒಂದು ವಿಚಿತ್ರ ನೋಡಿ. ಬ್ರಿಟನ್ ಮತ್ತು ಫ್ರಾನ್ಸ್‌ನ ಈ ಜಗಳ ಭಾರತದ ತನಕ ಹಬ್ಬಿತ್ತು. ಅದೇ ದಿನ, ಅದೇ ಏಪ್ರಿಲ್ 12ರಂದು, ಶ್ರೀಲಂಕಾದ ಪೂರ್ವ ಕರಾವಳಿಯಲ್ಲಿ ಫ್ರೆಂಚ್ ನಾಯಕ ಸಫ್ರೆನ್ ಮತ್ತು ಬ್ರಿಟಿಷ್ ಅಡ್ಮಿರಲ್ ಹ್ಯೂಸ್ ಹೊಡೆದಾಡ್ತಿದ್ದರು. ಸಫ್ರೆನ್ ಬಂದಿದ್ದು ನಮ್ಮ ಹೈದರಾಲಿಯ ಜೊತೆಗಾರನಾಗಿ. ಅದೇ ವರ್ಷದ ಜುಲೈನಲ್ಲಿ ಕಡಲೂರಿನ ಹತ್ತಿರ ಇಬ್ಬರೂ ಭೇಟಿಯಾದರು. ಸಫ್ರೆನ್‌ಗೂ ಸಾಲುಕಟ್ಟಿ ತೇಲುವ ಯುದ್ಧ ಬೇಸರ, ಹತ್ತಿರ ನುಗ್ಗಿ ಸಾಲಿನ ಒಂದು ತುದಿಯ ಮೇಲೆ ಬೀಳಬೇಕು ಅನ್ನೋನು. ಆದರೆ ಅವನ ಎಷ್ಟೋ ಕ್ಯಾಪ್ಟನ್‌ಗಳು ದೂರದಲ್ಲೇ ಉಳಿದರು. 1782-83ರಲ್ಲಿ ಹ್ಯೂಸ್ ಜೊತೆ ಐದು ಯುದ್ಧ ಮಾಡಿದರೂ ಆ ಐದರಲ್ಲಿ ಒಂದು ದೊಡ್ಡ ಹಡಗೂ ಕೈ ಬದಲಾಗಲಿಲ್ಲ. ನಾಯಕನ ತಲೆಯಲ್ಲಿ ತಂತ್ರ ಇದ್ದರಷ್ಟೇ ಸಾಲದು ಅನ್ನೋಕೆ ಇದಕ್ಕಿಂತ ಉದಾಹರಣೆ ಬೇಕಾ?

*

ಯುದ್ಧ ಮುಗಿದ ಮೇಲೆ ಕ್ರೆಡಿಟ್ ಯಾರಿಗೆ ಅನ್ನೋ ಜಗಳ ಶುರುವಾಯ್ತು. ಯಾವ ಪ್ರಾಜೆಕ್ಟಿನಲ್ಲಿ ಇಲ್ಲ ಹೇಳಿ :-) ಸಾಲು ಸೀಳುವ ಉಪಾಯ ರಾಡ್ನಿಗೆ ತಲುಪಿದ್ದು ತನ್ನ ಬರಹದಿಂದ ಅಂತ ಕ್ಲರ್ಕ್ ಮತ್ತು ಅವನ ಕಡೆಯವರು. ಇಲ್ಲವೇ ಇಲ್ಲ, ಅದು ನಮ್ಮ ಅಪ್ಪ ಆ ಕ್ಷಣದಲ್ಲಿ ಕಂಡದ್ದು ಅಂತ ಚಾರ್ಲ್ಸ್ ಡಗ್ಲಸ್‌ನ ಮಗ ಹೋವರ್ಡ್ ಡಗ್ಲಸ್. ಈತ ತೋಪುಗಳ ಬಗ್ಗೆ 1820ರಲ್ಲಿ ದೊಡ್ಡ ಗ್ರಂಥವನ್ನೇ ಬರೆದವನು. ಅಪ್ಪ ತೀರಿಕೊಂಡದ್ದು 1789ರಲ್ಲಿ. ಮಗ 1832ರಲ್ಲಿ ಅಪ್ಪನ ಪರವಾಗಿ ಇನ್ನೊಂದು ಪುಸ್ತಕ ಪ್ರಕಟಿಸಿದ. ಐವತ್ತು ವರ್ಷ ಆದಮೇಲೂ!

ನನಗೆ ಕಾಣೋದು ಇಷ್ಟು. ಬಿರುಕು ಮಾಡಿದ್ದು ಗಾಳಿ. ಅದಕ್ಕೆ ಕ್ಲರ್ಕ್‌ನೂ ಕಾರಣ ಅಲ್ಲ, ಡಗ್ಲಸ್‌ನೂ ಅಲ್ಲ. ಆದರೆ ಬಿರುಕು ಕಂಡಾಗ ನುಗ್ಗುವ ಧೈರ್ಯ ಬರೋದು ನುಗ್ಗಿದ ಮೇಲೆ ಏನಾದರೂ ಮಾಡಬಲ್ಲೆವು ಅನ್ನೋ ನಂಬಿಕೆಯಿಂದ. ಹಡಗು ತಿರುಗುವಾಗಲೂ ತೋಪು ಗುರಿ ಬಿಡುವುದಿಲ್ಲ ಅಂತ ಡಗ್ಲಸ್‌ಗೆ ಗೊತ್ತಿತ್ತು. ಆ ಕಬ್ಬಿಣದ ಬಳೆಗಳನ್ನು ಎಲ್ಲಿ ಹೊಡೆಸಬೇಕು ಅಂತ ನಿಂತು ತೋರಿಸಿದವನೇ ಅವನು.

ಮೇಜಿನ ಆಟಗಳ ಬಗ್ಗೆ ನನ್ನ ತಕರಾರು ಇರೋದೂ ಇಲ್ಲೇ. ಆಟ ಒಳ್ಳೇ ಶಿಕ್ಷಕ. ಕಡಲು ಕಾಣದ ಕ್ಲರ್ಕ್‌ಗೆ ಅಡ್ಮಿರಲ್‌ಗಳಿಗೆ ಕಾಣದ್ದನ್ನು ತೋರಿಸಿದ್ದು ಅದೇ ಮೇಜು. ಆದರೆ ನಿಯಮದ ಪುಸ್ತಕದಲ್ಲಿ ಅಚ್ಚಾದ ಅಂಕಿಯನ್ನು ಮೇಜು ಎಂದೂ ಪ್ರಶ್ನೆ ಮಾಡಲ್ಲ. ಎಲ್ಲರಿಗೂ 45 ಡಿಗ್ರಿ ಕೊಟ್ಟುಬಿಟ್ಟರೆ ಡಗ್ಲಸ್ ಜೇಬಿನಿಂದ ಹಾಕಿದ ದುಡ್ಡು, ಬೆವರು ಸುರಿಸಿ ಅಭ್ಯಾಸ ಮಾಡಿದ ನೂರಾರು ಹೆಸರಿಲ್ಲದ ತೋಪಿನವರು, ಎಲ್ಲ ಆ ರಟ್ಟಿನ ತುಂಡಿನೊಳಗೆ ಮಾಯ. ಉತ್ತರ ಕೊಡಲಾಗದೆ 39 ಸೆಕೆಂಡ್ ಕಾದು ನಿಂತ ಫ್ರೆಂಚ್ ಹುಡುಗರೂ ಮಾಯ.

ನಿಮ್ಮಲ್ಲಿ ಯಾರಾದರೂ ಈ ಆಟ ಆಡುವವರಿದ್ದರೆ ಒಂದು ಸಲಹೆ. ಸೇಂಟ್ಸ್ ಯುದ್ಧ ಆಡುವಾಗ ಫಾರ್ಮಿಡಬಲ್, ಡ್ಯೂಕ್‌ಗೆ ಮಾತ್ರ ಅಗಲ ಕೋನ ಕೊಡಿ, ಉಳಿದವಕ್ಕೆಲ್ಲ ಎರಡು ಪಾಯಿಂಟ್. ಗಾಳಿ ತಿರುಗೋದನ್ನು ದಾಳಕ್ಕೆ ಬಿಡಿ. ಒಂದು ಸಲ ಗಾಳಿ ತಿರುಗಿಸಿ ಆಡಿ, ಇನ್ನೊಂದು ಸಲ ತಿರುಗಿಸದೆ ಆಡಿ. ಐವತ್ತು ವರ್ಷದ ಜಗಳ ಬಗೆಹರಿಯಲಿಕ್ಕಿಲ್ಲ, ಆದರೆ ಜಗಳ ಯಾತಕ್ಕೆ ಅಂತ ಚೆನ್ನಾಗಿ ಗೊತ್ತಾಗುತ್ತೆ.

ಕ್ಯಾರೊನೇಡ್ ಅನ್ನೋ ಗಿಡ್ಡ ತೋಪಿನದ್ದು ಇನ್ನೊಂದು ಕತೆ. ಅದು ಗಾಲಿ ಬಿಟ್ಟು ಜಾರುವ ಹಲಗೆಯ ಮೇಲೆ ಕೂತಿತ್ತು, ಅದರ ಕೋನದ ಲೆಕ್ಕವೇ ಬೇರೆ. ಬಿಡುವಾದಾಗ ಅದನ್ನೂ ಬರೀತೀನಿ.